ಹುಳುಮನೆಯ ಸೋಮವಾರಗಳು

ರೇಷ್ಮೆ ಹುಳು ಸಾಕುವ ಮನೆಯಲ್ಲಿ ಎರಡು ಬೆಳೆಗಳ ನಡುವೆ ಕೆಲವು ದಿನ ಏನೂ ಇರುವುದಿಲ್ಲ. ಗೂಡು ಬಿಡಿಸಿ ಕೋಲಾರದ ಮಾರ್ಕೆಟ್ಟಿಗೆ ಹಾಕಿ ಬಂದ ಮೇಲೆ ತಟ್ಟೆಗಳನ್ನೆಲ್ಲ ತೊಳೆದು ಬಿಸಿಲಿಗಿಟ್ಟು, ಗೋಡೆಗೆ ಸುಣ್ಣ ಬಳಿದು, ನೆಲಕ್ಕೆ ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿ, ಬಾಗಿಲು ತೆರೆದಿಡುತ್ತೇವೆ. ನನಗೆ ಆ ದಿನಗಳೆಂದರೆ ಪ್ರಾಣ. ಹುಳು ಇರುವಾಗ ಜೋರಾಗಿ ಕೆಮ್ಮಲೂ ಹೆದರುವ ಜಾಗದಲ್ಲಿ ಆಗ ಗಂಟಲು ಬಿಟ್ಟು ಹಾಡಬಹುದು. ಮೇಲೆ ತಗಡಿನ ಶೀಟು, ಕೆಳಗೆ ಸಿಮೆಂಟಿನ ನೆಲ, ನಡುವೆ ಖಾಲಿ. ನಾನು ಒಂದು ಸಾಲು ಹಾಡಿದರೆ ಶೀಟು ಅದನ್ನೇ ಇನ್ನೊಮ್ಮೆ ಹಾಡುತ್ತದೆ.

ನಾನು ಹುಟ್ಟಿದ್ದು ಮುಳಬಾಗಿಲಿನ ಆಚೆ, ಆಂಧ್ರದ ಗಡಿಗೆ ಹತ್ತಿರದ ಹಳ್ಳಿಯಲ್ಲಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ನನ್ನ ಸೋದರತ್ತೆ ತತ್ವದ ಪದಗಳನ್ನು ಹಾಡುತ್ತಿದ್ದರು. ರಾಗಿ ಬೀಸುವಾಗ, ಹಸುವಿಗೆ ನೀರು ಕುಡಿಸುವಾಗ, ಯಾರ ಮೇಲಾದರೂ ಸಿಟ್ಟು ಬಂದಾಗ ಅವರ ಬಾಯಲ್ಲಿ ಪದವೇ. ಅವರಿಂದ ಕಲಿತದ್ದನ್ನೆಲ್ಲ ಹೊತ್ತುಕೊಂಡು ನಾನು ಕ್ಯಾಲನೂರಿನ ಹತ್ತಿರದ ಈ ಊರಿಗೆ ಸೊಸೆಯಾಗಿ ಬಂದೆ. ಇಲ್ಲಿ ಶನಿವಾರದ ಭಜನೆ ದೇವಸ್ಥಾನದಲ್ಲಿ ನಡೆಯುತ್ತಿತ್ತು. ಹಾಡುವವರು ಗಂಡಸರು. ನಾವು ಹೆಂಗಸರು ಹೊಸ್ತಿಲಿನ ಈಚೆ ಕೂತು ಕೇಳುತ್ತಿದ್ದೆವು. ಕಾಲೋನಿಯ ದಲಿತ ಹೆಂಗಸರು ಬೀದಿಯಲ್ಲಿ, ಲೈಟುಕಂಬದ ಹತ್ತಿರ ನಿಂತು ಕೇಳುತ್ತಿದ್ದರು. ಯಾರೂ ಯಾರನ್ನೂ ಅಲ್ಲಿ ನಿಲ್ಲು, ಇಲ್ಲಿ ಕೂರು ಎಂದು ಹೇಳುತ್ತಿರಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ, ಎಲ್ಲರಿಗೂ ಅವರವರ ಜಾಗ ಗೊತ್ತಿತ್ತು.

ಕೆಲವು ವರ್ಷಗಳ ಹಿಂದೆ ಒಂದು ಸೋಮವಾರ ಮಧ್ಯಾಹ್ನ ನಾನು ಸುಣ್ಣ ಬಳಿಯುತ್ತ, ಒಳಗಿನ ದೀಪ ಹಚ್ಚದೆ ಹೊರಗೆ ಎಷ್ಟು ಹಚ್ಚಿ ಏನು ಬಂತು ಎನ್ನುವ ಅರ್ಥದ ಒಂದು ತೆಲುಗು ಪದ ಹಾಡುತ್ತಿದ್ದೆ. ಒಂದು ಸಾಲು ಮರೆತುಹೋಯಿತು. ನಿಲ್ಲಿಸಿದೆ. ಬಾಗಿಲಿನ ಆಚೆಯಿಂದ ಬೇರೊಂದು ದನಿ ಆ ಸಾಲನ್ನು ಎತ್ತಿಕೊಂಡಿತು. ತಿರುಗಿ ನೋಡಿದರೆ ನಮ್ಮೂರಿನ ಆಶಾ ಕಾರ್ಯಕರ್ತೆ. ಅತ್ತೆಗೆ ಬಿ.ಪಿ. ಮಾತ್ರೆ ಕೊಡಲು ಬಂದವಳು ಕೈಚೀಲ ಹಿಡಿದುಕೊಂಡು ಹೊರಗೇ ನಿಂತಿದ್ದಳು. ಊರೆಲ್ಲ ಅವಳನ್ನು ಆಶಾ ಎಂದೇ ಕರೆಯುತ್ತದೆ. ಅದು ಅವಳ ಕೆಲಸದ ಹೆಸರು, ಅವಳದಲ್ಲ. ಕಾಲೋನಿಯವಳು, ನನ್ನದೇ ವಯಸ್ಸು.

"ನಿಂಗೆ ಹೆಂಗಮ್ಮಾ ಗೊತ್ತು ಈ ಪದ?" ಎಂದೆ.

"ನಮ್ಮಮ್ಮ ಕಳೆ ಕೀಳ್ತಾ ಹಾಡೋಳು ಅಮ್ಮಾವ್ರೇ. ನಿಮ್ಮಂತೋರ ಹೊಲದಲ್ಲೇ ಕಲ್ತಿದ್ದು."

ಒಳಗೆ ಬಾ, ಇಲ್ಲಿ ದನಿ ಚೆನ್ನಾಗಿ ಬರುತ್ತದೆ ಎಂದು ಕರೆದೆ. ಅವಳು ಅನುಮಾನಿಸಿದಳು. ಹುಳುಮನೆಗೆ ಸ್ವಂತ ಮನೆಯವರನ್ನೇ ಕಾಲು ತೊಳೆಯದೆ ಬಿಡುವುದಿಲ್ಲ, ಹೊರಗಿನವರ ಮಾತಂತೂ ದೂರ. ಆದರೆ ಆ ದಿನ ಹುಳು ಇರಲಿಲ್ಲ. ಅವಳು ಚಪ್ಪಲಿ ಬಿಟ್ಟು ಬಂದು ನನ್ನ ಪಕ್ಕ ನಿಂತಳು. ಇಬ್ಬರೂ ಸೇರಿ ಪದವನ್ನು ಮೊದಲಿನಿಂದ ಹಾಡಿದೆವು. ಶೀಟು ನಮ್ಮಿಬ್ಬರನ್ನೂ ಸೇರಿಸಿ ಹಾಡಿತು. ಮುಗಿದಾಗ ಇಬ್ಬರಿಗೂ ನಗು ಬಂತು. ಯಾಕೆ ಎಂದು ಈಗಲೂ ಹೇಳಲಾರೆ.

ಆ ಸಲ ತೋಟದಲ್ಲಿ ಸೊಪ್ಪು ಸಾಲದೆ ಹೊಸ ಹುಳು ತರುವುದು ಎರಡು ಮೂರು ತಿಂಗಳು ಮುಂದಕ್ಕೆ ಹೋಗಿತ್ತು. ಮುಂದಿನ ಸೋಮವಾರ ಅವಳೇ ಬಂದಳು, ಮಾತ್ರೆಯ ನೆಪವಿಲ್ಲದೆ. ಅದರ ಮುಂದಿನ ವಾರ ನನ್ನ ರವಿಕೆ ಕೊಡಲು ಬಂದ ಟೈಲರಕ್ಕ ಕೂತುಬಿಟ್ಟರು. ಅವರು ಶ್ರೀನಿವಾಸಪುರದವರು, ಮುಸ್ಲಿಮರು. ಗಂಡನ ಗ್ಯಾರೇಜು ನಮ್ಮೂರಿನ ಕ್ರಾಸಿನಲ್ಲಿರುವುದರಿಂದ ಇಲ್ಲಿಗೆ ಬಂದು ನೆಲೆಸಿದವರು. ಹಾಡು ಎಂದರೆ, ನನಗೆ ನಿಮ್ಮ ದೇವರ ಪದ ಬರುವುದಿಲ್ಲ, ಮಾವಿನ ತೋಟದಲ್ಲಿ ನಮ್ಮಜ್ಜಿ ಹಾಡುತ್ತಿದ್ದದ್ದು ಒಂದಿದೆ ಎಂದರು. ಉರ್ದು ಹಾಡು. ಅರ್ಥ ಕೇಳಿದರೆ, ನೆರಳು ಕೊಡುವ ಮರ ಕೆಳಗೆ ಕೂತವರು ಯಾರು ಎಂದು ಕೇಳುವುದಿಲ್ಲ ಅಂತ ಏನೋ ಬರುತ್ತದೆ, ಪೂರ್ತಿ ನನಗೂ ತಿಳಿಯದು ಎಂದು ನಕ್ಕರು. ನಮಗೆ ಅಷ್ಟು ಸಾಕಾಯಿತು.

ಹೀಗೆ ಒಬ್ಬರಿಂದ ಒಬ್ಬರಿಗೆ ಸುದ್ದಿ ಹೋಗಿ, ಡೈರಿಗೆ ಹಾಲು ಹಾಕುವ ಹೆಂಗಸರು, ಅಂಗನವಾಡಿಯ ಸಹಾಯಕಿ, ಎದುರು ಮನೆಯ ಮುದುಕಿ ಎಲ್ಲರೂ ಬರತೊಡಗಿದರು. ಊರಿನವರು ಇದಕ್ಕೆ ಹುಳುಮನೆ ಭಜನೆ ಎಂದು ಹೆಸರಿಟ್ಟರು. ಗೇಲಿಗೆ ಇಟ್ಟದ್ದು, ಆದರೆ ನಮಗೆ ಇಷ್ಟವಾಗಿ ಉಳಿಸಿಕೊಂಡೆವು.

ನನ್ನ ಅತ್ತೆಗೆ ಎಂಬತ್ತು ದಾಟಿತ್ತು. ಕಿವಿ ಸ್ವಲ್ಪ ಮಂದ, ನಾಲಿಗೆ ಮಂದವಿರಲಿಲ್ಲ. ಮಡಿ ಎಂದರೆ ಮಡಿ. ಅವರು ಮೊದಲ ಸಲ ಕೋಲೂರಿಕೊಂಡು ಬಂದು ಒಳಗೆಲ್ಲ ನೋಡಿ, ಭಜನೆ ಅಂತೀರಾ, ದೇವರು ಎಲ್ಲಿ ಎಂದು ಕೇಳಿದರು. ನಿಜ, ಒಂದು ಪಟವೂ ಇರಲಿಲ್ಲ. ಊದುಬತ್ತಿಯನ್ನೂ ಹಚ್ಚುತ್ತಿರಲಿಲ್ಲ, ಅದರ ವಾಸನೆ ಗೋಡೆಗೆ ಹಿಡಿದರೆ ಮುಂದಿನ ಹುಳುವಿಗೆ ಆಗುವುದಿಲ್ಲ. ಯಾವ ಪಟ ತರುವುದು ಎಂದು ಮಾತಾಯಿತು. ಊರ ಮನೆಗಳಲ್ಲಿ ಒಂದು ದೇವರು, ಕಾಲೋನಿಯ ಮನೆಗಳಲ್ಲಿ ಇನ್ನೊಂದು, ಟೈಲರಕ್ಕನಿಗೆ ಪಟವೇ ಇಲ್ಲ. ಕೊನೆಗೆ ಒಂದು ಮಣ್ಣಿನ ದೀಪ ಸಾಕು ಎಂದಾಯಿತು. ದೀಪವಾದರೆ ನಮ್ಮ ದರ್ಗಾದಲ್ಲೂ ಹಚ್ಚುತ್ತೇವೆ ಎಂದರು ಟೈಲರಕ್ಕ. ಅತ್ತೆ ದೀಪವನ್ನು ನೋಡಿ, ಎಣ್ಣೆ ಕಡಿಮೆ ಹಾಕಿದ್ದೀಯ ಎಂದು ನನ್ನನ್ನು ಬೈದು, ಗೋಡೆಗೆ ಒರಗಿ ಕೂತರು. ಅಲ್ಲಿಂದ ಮುಂದೆ ಒಂದು ವಾರವೂ ತಪ್ಪಿಸಲಿಲ್ಲ.

ಒಂದು ದಿನ ಹಾಡು ಮುಗಿದು ಮಾತಾಡುತ್ತಿರುವಾಗ ಟೈಲರಕ್ಕ ಆಶಾಳ ಕಡೆ ಕೈ ತೋರಿಸಿ, ನನ್ನನ್ನೇ ನೋಡಿ ಹೇಳಿದರು: "ನೀವು ಇವರನ್ನ ಬಾ, ಹೋಗು ಅಂತೀರಾ. ಇವರು ನಿಮ್ಮನ್ನ ಅಮ್ಮಾವ್ರೇ ಅಂತಾರೆ. ಇಬ್ಬರಿಗೂ ವಯಸ್ಸು ಒಂದೇ ಅಲ್ವಾ?"

ಚಾಪೆ ಒಂದೇ ಆಗಿತ್ತು, ಮಾತು ಇನ್ನೂ ಒಂದಾಗಿರಲಿಲ್ಲ. ನಾನು, ಹೌದು, ಇನ್ನು ಮೇಲೆ ನಾವೆಲ್ಲರೂ ಒಬ್ಬರನ್ನೊಬ್ಬರು ನೀವು ಎನ್ನೋಣ ಎಂದೆ. ಆಶಾ ಅದು ಬೇಡವೆಂದು ತಲೆಯಾಡಿಸಿದಳು.

"ನೀವು ಅಂದ್ರೆ ನಂಗೆ ಪಂಚಾಯ್ತಿ ಆಫೀಸಲ್ಲಿ ನಿಂತಂಗಾಗುತ್ತೆ. ಇಬ್ಬರೂ ನೀನು ಅನ್ನೋಣ. ಒಪ್ತೀರಾ?"

ಒಪ್ಪಿದೆ ಎಂದೆ. ಅವಳು ಒಂದು ಕ್ಷಣ ಕೆಳಗೆ ನೋಡಿ, ಉಸಿರೆಳೆದುಕೊಂಡು, ನೀರಿಗೆ ಹಾರುವವಳ ಹಾಗೆ ಹೇಳಿದಳು: "ಏನೇ, ಇನ್ನೊಂದು ಪದ ಶುರು ಮಾಡೇ."

ನಾನು ಬೆಚ್ಚಿದೆ. ಆಮೇಲೆ ಹೊಟ್ಟೆಯೊಳಗಿಂದ ನಗು ಎದ್ದು ಬಂತು. ತವರು ಬಿಟ್ಟ ಮೇಲೆ ನನ್ನನ್ನು ಏನೇ ಎಂದು ಕರೆದವರು ಗಂಡ ಮತ್ತು ಅತ್ತೆ ಮಾತ್ರ, ಅದೂ ಕೆಲಸ ಹೇಳಲು. ಗೆಳತಿಯೊಬ್ಬಳು ಹಾಗೆ ಕರೆದು ಎಷ್ಟು ಕಾಲವಾಗಿತ್ತು. ಎಲ್ಲರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಅತ್ತೆಗೆ ಕೇಳಿಸಿರಲಿಲ್ಲ, ಏನಾಯಿತು ಹೇಳಿರೇ ಎಂದು ಕೋಲಿನಿಂದ ನನ್ನನ್ನು ತಿವಿಯುತ್ತಿದ್ದರು. ಆ ದಿನದಿಂದ ನಾವಿಬ್ಬರೂ ಹೋಗೇ ಬಾರೇ ಎನ್ನುವವರು. ಇಲ್ಲಿ ಅವಳನ್ನು ಅವಳು ಎಂದು ಬರೆಯುತ್ತಿರುವುದು ಅದೇ ಸಲಿಗೆಯಿಂದ.

ಪಕ್ಕದ ಮನೆಯ ಸೊಸೆ ಹೊಸದಾಗಿ ಮದುವೆಯಾಗಿ ಬಂದವಳು. ಎರಡು ವಾರ ಒಳಗೆ ಕೂತು ಹಾಡಿದ್ದವಳು ಮೂರನೆಯ ವಾರ ಹೊರಗಿನ ಹೊಂಗೆ ಮರದ ಕೆಳಗೆ ನಿಂತಿದ್ದಳು. ಯಾಕೆ ಎಂದು ಆಶಾ ಕೇಳಿದ್ದಕ್ಕೆ ಹೊರಗಾಗಿದ್ದೇನೆ ಎಂದು ಮೆಲ್ಲಗೆ ಹೇಳಿದಳು. ಎಲ್ಲರ ಕಣ್ಣೂ ಅತ್ತೆಯ ಕಡೆ ತಿರುಗಿತು.

"ಹುಳ ಇಲ್ಲ, ವಿಗ್ರಹ ಇಲ್ಲ. ಯಾವುದಕ್ಕೆ ಮೈಲಿಗೆ ಆಗುತ್ತೆ ಹೇಳಜ್ಜಿ?" ಎಂದು ಆಶಾ ಜೋರಾಗಿ ಕೇಳಿದಳು.

ಅತ್ತೆ ಸುಲಭಕ್ಕೆ ಸೋಲುವವರಲ್ಲ. ಸುತ್ತ ನೋಡಿದರು. ಗೋಡೆ ನೋಡಿದರು, ದೀಪ ನೋಡಿದರು. ಕೊನೆಗೆ, "ಚಾಪೆಗೆ" ಎಂದರು. ಆಮೇಲೆ ಅವರೇ, "ಚಾಪೆ ಒಗೀಬೋದು. ಕರೀರಿ ಅವಳ್ನ, ಆಗಿಂದ ನಿಂತವಳೆ" ಎಂದರು.

ಹುಡುಗಿ ಒಳಗೆ ಬಂದಳು. ಅವಳದು ನಮ್ಮೆಲ್ಲರಿಗಿಂತ ಒಳ್ಳೆಯ ಕಂಠ. ಆ ದಿನ ಹಾಡಿದ ಹಾಗೆ ಮತ್ತೆಂದೂ ಹಾಡಿಲ್ಲ ಎಂದು ನಾವು ಈಗಲೂ ರೇಗಿಸುತ್ತೇವೆ.

ಹಾಡಿದ ಮೇಲೆ ಏನಾದರೂ ತಿನ್ನುವುದು ರೂಢಿಯಾಯಿತು. ಅಲಸಂದೆಯದೋ ಹುರುಳಿಯದೋ ಗುಗ್ಗರಿ, ಒಂದು ವಾರ ಒಬ್ಬರು ಮಾಡಿ ತರುವುದು. ಕಾಲೋನಿಯವರ ಸರದಿ ಬಂದಾಗ ಇಬ್ಬರು ಹೆಂಗಸರಿಗೆ ಅವತ್ತೇ ಉಪವಾಸ ನೆನಪಾಯಿತು. ಆಶಾ, ಉಪವಾಸದವರು ಬಡಿಸಬಹುದಲ್ಲ ಎಂದು ಸೌಟನ್ನು ಅವರ ಕೈಗೇ ಕೊಟ್ಟಳು. ಅವರು ಬಡಿಸಿದರು. ಒಗ್ಗರಣೆಯ ಘಮ ಮೂಗಿಗೆ ಹೊಡೆಯುತ್ತಿತ್ತು, ಕೊಬ್ಬರಿ ಧಾರಾಳವಾಗಿ ಬಿದ್ದಿತ್ತು. ಮುಂದಿನ ಸರದಿಯ ಹೊತ್ತಿಗೆ ಒಬ್ಬಳ ಉಪವಾಸ ನಿಂತಿತು. ಇನ್ನೊಬ್ಬಳದು ಇನ್ನೂ ಕೆಲವು ತಿಂಗಳು ನಡೆಯಿತು. ನಡೆಯಲಿ ಎಂದು ಬಿಟ್ಟೆವು. ಅವಳು ಹಾಡಲು ಬರುವುದನ್ನಂತೂ ನಿಲ್ಲಿಸಲಿಲ್ಲ.

ಕೊನೆಗೆ ಹೊಸ ಬೆಳೆಗೆ ಚಾಕಿ ಹುಳು, ಅಂದರೆ ಮರಿಹುಳು, ಬಂದಾಗ ಹುಳುಮನೆ ಮುಚ್ಚಲೇಬೇಕಿತ್ತು. ಇನ್ನು ಬೆಳೆ ಮುಗಿಯುವವರೆಗೆ ಸೋಮವಾರ ಇಲ್ಲ ಎಂದು ನಾನು ಬೇಜಾರಿನಲ್ಲಿದ್ದೆ. ಆಶಾ, ನಮ್ಮ ಮನೆ ಮುಂದೆ ಹುಣಸೆಮರದ ನೆರಳಿದೆ, ಅಲ್ಲಿ ಕೂರೋಣ ಎಂದಳು. ಹೇಳುವಾಗ ಅವಳು ಯಾರ ಮುಖವನ್ನೂ ನೋಡಲಿಲ್ಲ, ಕೈಚೀಲದ ಜಿಪ್ಪು ಎಳೆಯುತ್ತ ಹೇಳಿದಳು. ನಮ್ಮ ಮನೆಗೂ ಕಾಲೋನಿಗೂ ನಡುವೆ ಒಂದು ಕಾಲುವೆ, ಎರಡು ಹಿಪ್ಪುನೇರಳೆ ತೋಟ. ಅಷ್ಟೇ ದೂರ. ನಾನು ಈ ಊರಿಗೆ ಬಂದು ಮೂವತ್ತು ವರ್ಷದ ಮೇಲಾಗಿದ್ದರೂ ಅಲ್ಲಿಗೆ ಹೋಗಿದ್ದು ಓಟು ಕೇಳುವವರ ಜೊತೆ ಒಂದೆರಡು ಸಲ.

ಆ ಸೋಮವಾರ ಅರ್ಧ ಜನ ಬರಲಿಲ್ಲ. ಒಬ್ಬರಿಗೆ ನೆಂಟರು, ಒಬ್ಬರಿಗೆ ತಲೆನೋವು. ನಾನು ಮನೆಯಿಂದ ಹೊರಡುವಾಗ ಅತ್ತೆಗೆ ಹೇಳದೆ ಹೊರಟಿದ್ದೆ. ಕಾಲುವೆಯ ಹತ್ತಿರ ತಿರುಗಿ ನೋಡಿದರೆ ಅವರು ಕೋಲೂರಿಕೊಂಡು ಹಿಂದೆಯೇ ಬರುತ್ತಿದ್ದರು. ಎಲ್ಲಿಗೆ ಎಂದರೆ, ಪದ ಅಲ್ಲಿಗೆ ಹೋಗಿದೆಯಂತಲ್ಲ, ನಾನೊಬ್ಬಳೇ ಮನೆಯಲ್ಲಿ ಕೂತು ಯಾರ ಮುಖ ನೋಡಲಿ ಎಂದರು. ಕೈ ಹಿಡಿದು ಕಾಲುವೆ ದಾಟಿಸಿದೆ.

ಹುಣಸೆಮರದ ಕೆಳಗೆ ನೀರು ಚಿಮುಕಿಸಿ, ರಂಗೋಲಿ ಹಾಕಿ, ಜಮಖಾನ ಹಾಸಿದ್ದರು. ಕಾಲೋನಿಯ ಹೆಂಗಸರು ಗೋಡೆಗೆ ಅಂಟಿಕೊಂಡು ನಿಂತಿದ್ದರು, ತಮ್ಮ ಅಂಗಳದಲ್ಲೇ ನೆಂಟರ ಹಾಗೆ. ಅತ್ತೆ ಹೋಗಿ ಸರಿಯಾಗಿ ನಡುವೆ ಕೂತು, ಮೊದಲು ನೀರು ಕೇಳಿದರು. ಒಂದು ಗಳಿಗೆ ಯಾರೂ ಅಲುಗಾಡಲಿಲ್ಲ. ಆಶಾಳ ಮಗಳು ಒಳಗೆ ಹೋಗಿ ಸ್ಟೀಲಿನ ಲೋಟದಲ್ಲಿ ನೀರು ತಂದಳು. ಅತ್ತೆ ಲೋಟ ಕಚ್ಚಿಕೊಂಡೇ ಗಟಗಟನೆ ಕುಡಿದು ಬಾಯಿ ಒರೆಸಿಕೊಂಡರು. ನಾನು ಅವರನ್ನೇ ನೋಡುತ್ತಿದ್ದೆ.

"ಏನು ಹಂಗೆ ನೋಡ್ತೀಯ? ಬಿಸಿಲು. ದಾಹ ಆಯ್ತು" ಎಂದರು. ಆಮೇಲೆ ಲೋಟವನ್ನು ಹುಡುಗಿಗೆ ಚಾಚಿ ತೆಲುಗಿನಲ್ಲಿ, "ಇಂಕೊಂಚಂ ಪೊಯ್ಯಿ ತಲ್ಲಿ" ಎಂದು, ತಾಯಿ ಅಂತಲೇ ಕರೆದು, ಇನ್ನಷ್ಟು ನೀರು ಹಾಕಿಸಿಕೊಂಡರು.

ಗೋಡೆಗೆ ಅಂಟಿದ್ದವರು ಒಬ್ಬೊಬ್ಬರಾಗಿ ಬಂದು ಕೂತರು. ಹುಳುಮನೆಗೆ ಎಂದೂ ಬಾರದಿದ್ದವರೂ ಕೂತರು. ಅಂದು ನಾವು ಹಾಡಿದ್ದಕ್ಕಿಂತ ಅವರು ಹಾಡಿದ್ದೇ ಹೆಚ್ಚು. ನನ್ನ ಸೋದರತ್ತೆಯಿಂದ ಅರ್ಧ ಮಾತ್ರ ಕಲಿತಿದ್ದ ಒಂದು ಪದದ ಉಳಿದರ್ಧ ಅಲ್ಲಿದ್ದ ಒಬ್ಬ ಅಜ್ಜಿಗೆ ಬರುತ್ತಿತ್ತು. ಅಂದಿನಿಂದ ಹುಳು ಇರುವಾಗ ಹುಣಸೆಮರ, ಹುಳು ಇಲ್ಲದಾಗ ಹುಳುಮನೆ ಎಂದು ನಮ್ಮ ಭಜನೆಗೆ ಎರಡು ಮನೆಗಳಾದವು. ತಲೆನೋವಿನವರು ಒಬ್ಬರ ಹಿಂದೆ ಒಬ್ಬರು ಕಾಲುವೆ ದಾಟಿದರು.

ಎರಡು ವರ್ಷ ಹೀಗೆ ನಡೆದ ಮೇಲೆ ಆಶಾಳ ಮಗಳಿಗೆ ಮದುವೆ ಗೊತ್ತಾಯಿತು. ಹುಡುಗಿ ಕೋಲಾರದಲ್ಲಿ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಳು. ಗಂಡಿನ ಊರು ಮಾಸ್ತಿಯ ಹತ್ತಿರ. ಮದುವೆಯ ಮಾತು ನಡೆಯುತ್ತಿದ್ದಾಗ ಪಕ್ಕದ ಮನೆಯ ಸೊಸೆ, ಮೆರವಣಿಗೆ ಎಷ್ಟು ಹೊತ್ತಿಗೆ ನಮ್ಮ ಬೀದಿಗೆ ಬರುತ್ತದೆ, ನಾನು ಆರತಿ ಮಾಡಬೇಕು ಎಂದು ಕೇಳಿದಳು. ಹೊರಗಿನಿಂದ ಬಂದ ಹುಡುಗಿ, ಅವಳಿಗೆ ತಿಳಿದಿರಲಿಲ್ಲ. ಕಾಲೋನಿಯ ಮದುವೆಯ ಮೆರವಣಿಗೆ ದೇವಸ್ಥಾನದ ಬೀದಿಯಲ್ಲಿ ಬರುವುದಿಲ್ಲ. ಕೆರೆಯ ಏರಿಯ ಮೇಲಿಂದ ಸುತ್ತಿ ಹೋಗುತ್ತದೆ.

ಇದನ್ನು ಕೇಳಿ ಆ ಸೊಸೆ ಪೆಚ್ಚಾದಳು. ನಾವೂ ಪೆಚ್ಚಾದೆವು. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದೆವು. ಈ ಸಲ ಬೀದಿಯಲ್ಲೇ ಬರಲಿ, ನಾವೆಲ್ಲ ನಿಲ್ಲುತ್ತೇವೆ, ಯಾರು ತಡೆಯುತ್ತಾರೆ ನೋಡೋಣ ಎಂದು ನಾನು ಹುರುಪಿನಲ್ಲಿ ಹೇಳಿದೆ. ಆಶಾಳ ಮುಖ ಬಿಗಿಯಿತು.

"ನನ್ನ ಮಗಳ ಮದುವೆನ ನಿಮ್ಮ ಪುಣ್ಯದ ಕೆಲಸ ಮಾಡ್ಕೋಬೇಡ್ರಿ ಕಣ್ರೇ. ಏನಾದ್ರೂ ಆದ್ರೆ ಮಾತು ಕೇಳೋರು ನಾವು. ಅವಳನ್ನ ಕೇಳ್ರಿ, ಮದುವೆ ಅವಳದು."

ಅವಳು ಹೇಳಿದ್ದು ಸರಿ. ಹುರುಪು ನಮ್ಮದು, ಬೀಳುವ ಏಟು ಅವರದು. ಮಗಳನ್ನು ಕರೆದು ಕೇಳಿದೆವು. ಆಕೆ ಯೋಚಿಸಿಕೊಂಡೇ ಬಂದವಳ ಹಾಗೆ ಹೇಳಿದಳು.

"ನಮ್ಮ ದೊಡ್ಡಪ್ಪನ ತಮಟೆ ಆ ಬೀದೀಲಿ ನಿಮ್ಮ ದೇವರ ಮುಂದೆ ಎಷ್ಟು ಸಲ ಹೋಗಿದೆ. ನಮ್ಮ ಮದುಮಗಳು ಮಾತ್ರ ಹೋಗಿಲ್ಲ. ನಾನು ಹೋಗ್ತೀನಿ. ಆದ್ರೆ ಕಾರಲ್ಲಿ ಅಲ್ಲ, ನಡ್ಕೊಂಡು. ಕಾರಲ್ಲಿ ಹೋದ್ರೆ ಎರಡು ನಿಮಿಷದಲ್ಲಿ ಬೀದಿ ಮುಗ್ದೋಗುತ್ತೆ."

ಆಶಾ ಮಗಳನ್ನು ನೋಡಿದಳು. ಬಿಗಿದ ಮುಖ ಸಡಿಲವಾಯಿತು.

ನನ್ನ ಗಂಡ ದೇವಸ್ಥಾನದ ಸಮಿತಿಯಲ್ಲಿದ್ದಾರೆ. ಕೆಟ್ಟವರಲ್ಲ, ಜಗಳಕ್ಕೆ ಹೆದರುವವರು. ಊಟಕ್ಕೆ ಕೂತಾಗ ವಿಷಯ ಹೇಳಿದೆ. ಮುದ್ದೆ ಮುರಿಯುತ್ತಿದ್ದ ಕೈ ನಿಂತಿತು.

"ನಾಳೆ ಇದೇ ಊರಲ್ಲಿ ಬಾಳ್ಬೇಕಲ್ವೇನೆ ನಾವು?"

"ಅವಳೂ ಇದೇ ಊರಲ್ಲೇ ಬಾಳ್ತಿರೋದು" ಎಂದೆ.

ಮರುದಿನ ಬೆಳಿಗ್ಗೆ ಸೊಪ್ಪು ಕೊಯ್ಯುತ್ತಿರುವಾಗ ಅವರು ತಾವಾಗಿಯೇ, ಸಮಿತಿಯ ಯಜಮಾನರು ಸಂಜೆ ಕಟ್ಟೆಯ ಮೇಲೆ ಇರುತ್ತಾರೆ, ನೀವು ಹೆಂಗಸರೇ ಬಂದು ಕೇಳಿ, ನಾನು ಅಲ್ಲಿರುತ್ತೇನೆ ಎಂದರು. ಅವರಿಗೆ ಅಷ್ಟು ಹೇಳಲು ಎಷ್ಟು ಕಷ್ಟವಾಗಿರಬೇಕೆಂದು ನನಗೆ ಗೊತ್ತು.

ಸಂಜೆ ನಾವೆಲ್ಲ ಹೋದೆವು. ಮಾತಾಡಿದ್ದು ಆಶಾ. ಯಜಮಾನರು ವಯಸ್ಸಾದವರು, ಊರಿನಲ್ಲಿ ಗೌರವ ಉಳ್ಳವರು. ಅವರು ಬೇಡ ಎನ್ನಲಿಲ್ಲ. ನಮ್ಮೂರಿನಲ್ಲಿ ಅಂಥ ಭೇದ ಏನಿದೆ, ಯಾರು ಯಾರನ್ನು ತಡೆದಿದ್ದಾರೆ, ಹಿಂದಿನಿಂದ ಏರಿಯ ಮೇಲೆ ಹೋಗುವ ಪದ್ಧತಿ ಬಂದಿದೆ, ಹೋಗುತ್ತಾರೆ, ಅಷ್ಟೇ ಎಂದು ಸುತ್ತಿ ಸುತ್ತಿ ಹೇಳಿದರು. ಆಶಾ ಕೊನೆಯವರೆಗೂ ತಾಳ್ಮೆಯಿಂದ ಕೇಳಿದಳು.

"ಹಂಗಾದ್ರೆ ಬೇಡ ಅಂದೋರು ಯಾರೂ ಇಲ್ಲ ಅಂತಾಯ್ತು?"

"ಬೇಡ ಅಂದೋರು ಯಾರಮ್ಮ?" ಎಂದರು ಯಜಮಾನರು.

"ಸಂತೋಷ ಸ್ವಾಮಿ. ಎಲ್ಲರೂ ಮದುವೆಗೆ ಬರ್ಬೇಕು" ಎಂದು ಕೈಮುಗಿದು, ಕೈಚೀಲದಿಂದ ಲಗ್ನಪತ್ರಿಕೆ ತೆಗೆದು ಕೊಟ್ಟಳು. ಯಜಮಾನರು ಕೈಚಾಚಿ ತೆಗೆದುಕೊಳ್ಳಲೇಬೇಕಾಯಿತು. ನನ್ನ ಗಂಡ ಎದ್ದು ನಿಂತು, ಸಮಿತಿಯ ಪರವಾಗಿ ನಾನು ಬರುತ್ತೇನೆ ಎಂದುಬಿಟ್ಟರು. ದಾರಿಯಲ್ಲಿ ಬರುವಾಗ ನಾವು ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದೆವು. ಮನೆಗೆ ಬಂದ ಮೇಲೆ ನನ್ನ ಗಂಡ ತಾವು ಹೇಳಿದ್ದನ್ನು ನೆನೆಸಿಕೊಂಡು ಎರಡು ಲೋಟ ಮಜ್ಜಿಗೆ ಕುಡಿದರು.

ಮೆರವಣಿಗೆಯ ಬೆಳಿಗ್ಗೆ ನಮ್ಮ ಬೀದಿಗೆ ನಾವು ನಾವೇ ನೀರು ಹಾಕಿ ರಂಗೋಲಿ ಬಿಟ್ಟೆವು. ಟೈಲರಕ್ಕ ಹಿಂದಿನ ದಿನವೆಲ್ಲ ಕೂತು ಹುಡುಗಿಯ ರವಿಕೆಯ ತೋಳಿಗೆ ಜರಿ ಹೊಲಿದಿದ್ದರು. ತಮಟೆಯ ಸದ್ದು ಕಾಲೋನಿಯ ಕಡೆಯಿಂದ ಎದ್ದು ಕಾಲುವೆ ದಾಟಿ ಬರುತ್ತಿದ್ದಂತೆ ನಾನು ಆರತಿ ತಟ್ಟೆಯ ಬತ್ತಿಯನ್ನು ಮತ್ತೆ ಮತ್ತೆ ಸರಿಮಾಡಿದೆ. ಯಾರಾದರೂ ಏನಾದರೂ ಅಂದರೆ ಎಂಬ ಭಯ ಇದ್ದೇ ಇತ್ತು. ಬೀದಿಯಲ್ಲಿ ಕೆಲವು ಬಾಗಿಲುಗಳು ಮುಚ್ಚಿದ್ದವು. ಯಜಮಾನರ ಮನೆಯ ಬಾಗಿಲೂ ಮುಚ್ಚಿತ್ತು. ಉಳಿದ ಮನೆಗಳ ಮುಂದೆ ಹೆಂಗಸರು ಆರತಿ ತಟ್ಟೆ ಹಿಡಿದು ನಿಂತಿದ್ದರು, ನಾವು ಕೇಳಿಕೊಂಡಿದ್ದವರು, ಕೇಳಿಕೊಳ್ಳದೇ ಇದ್ದವರು ಕೂಡ.

ಮುಂದೆ ಹುಡುಗಿಯ ದೊಡ್ಡಪ್ಪ, ಕೊರಳಿಗೆ ತಮಟೆ. ಹಿಂದೆ ಮಾಸ್ತಿ ಕಡೆಯ ನೆಂಟರು, ಅವರಿಗೆ ಇದರಲ್ಲಿ ವಿಶೇಷವೇನೆಂದು ಅರ್ಥವಾಗದೆ ಸುಮ್ಮನೆ ಖುಷಿಯಾಗಿದ್ದರು. ನಡುವೆ ಗಂಡು ಹೆಣ್ಣು. ಹುಡುಗಿ ತಲೆ ತಗ್ಗಿಸಿರಲಿಲ್ಲ. ಎರಡೂ ಕಡೆ ನೋಡುತ್ತ, ಗುರುತಿದ್ದವರನ್ನು ಕಂಡು ನಗುತ್ತ, ಬೇಕೆಂದೇ ನಿಧಾನವಾಗಿ ಹೆಜ್ಜೆ ಇಡುತ್ತಿದ್ದಳು. ಪಕ್ಕದ ಮನೆಯ ಸೊಸೆ ಮೊದಲ ಆರತಿ ಎತ್ತಿದಳು. ಎರಡನೆಯದು ನಾನು. ಆಶಾ ಮಗಳ ಹಿಂದೆ ಇದ್ದಳು. ನಾನು ಹಾಡಲು ಶುರು ಮಾಡಿದೆ, ಅವಳು ತುಟಿ ಮಾತ್ರ ಆಡಿಸಿದಳು. ಸುತ್ತಲಿದ್ದವರು ಎತ್ತಿಕೊಂಡರು.

ದೇವಸ್ಥಾನದ ಮುಂದೆ ಬಂದಾಗ ದೊಡ್ಡಪ್ಪ ನಿಂತರು. ಪೂಜಾರಿ ಮೆಟ್ಟಿಲ ಮೇಲೆ ಇದ್ದರು. ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೋ ಎಂದುಕೊಂಡೆ. ಅವರು ಒಳಗೆ ಹೋದರು, ಕುಂಕುಮದ ಬಟ್ಟಲು ಹಿಡಿದು ಹೊರಗೆ ಬಂದರು, ಮೆಟ್ಟಿಲಿಳಿದು ಹುಡುಗಿಗೆ ಚಾಚಿದರು. ಮುತ್ತೈದೆಯಾಗಿ ಬಾಳಮ್ಮಾ ಎಂದರು, ಅಷ್ಟೇ. ಆಗ ದೊಡ್ಡಪ್ಪ ತಮಟೆಯ ಗತ್ತು ಬದಲಿಸಿದರು. ಅದುವರೆಗೆ ಬಾರಿಸುತ್ತಿದ್ದ ಮೆರವಣಿಗೆಯ ಗತ್ತು ಬಿಟ್ಟು ಕುಣಿತದ ಗತ್ತು ಹಿಡಿದರು. ಕಾಲೋನಿಯ ಹೆಂಗಸರು ಕುಣಿಯತೊಡಗಿದರು. ಆಶಾ ನನ್ನ ಕೈ ಹಿಡಿದು ಎಳೆದಳು. ನಮ್ಮ ಮನೆಯ ಹೆಂಗಸರು ಬೀದಿಯಲ್ಲಿ ಕುಣಿದದ್ದಿಲ್ಲ. ನನಗೆ ಐವತ್ತು ದಾಟಿದೆ, ಮಂಡಿ ನೋವು ಬೇರೆ. ಕುಣಿದೆ. ಟೈಲರಕ್ಕ ಚಪ್ಪಾಳೆ ತಟ್ಟುತ್ತಿದ್ದರು. ನನ್ನ ಗಂಡ ಬಕೆಟ್ಟಿನಲ್ಲಿ ಪಾನಕ ಹಿಡಿದುಕೊಂಡು ಎಲ್ಲರಿಗೂ ಕೊಡುತ್ತ, ನನ್ನನ್ನು ನೋಡಿಯೂ ನೋಡದವರ ಹಾಗೆ ಇದ್ದರು, ಆದರೆ ಮುಖ ತುಂಬ ನಗು. ಅತ್ತೆ ನಮ್ಮ ಜಗಲಿಯ ಮೇಲೆ ಕೂತು ಕೋಲನ್ನು ತಮಟೆಗೆ ಸರಿಯಾಗಿ ಕುಟ್ಟುತ್ತಿದ್ದರು. ಅವರ ಮಂದವಾದ ಕಿವಿಗೂ ತಮಟೆ ಚೆನ್ನಾಗಿ ಕೇಳಿಸುತ್ತಿತ್ತು.

ಎಲ್ಲವೂ ಸರಿಹೋಯಿತು ಎಂದು ಹೇಳಲಾರೆ. ಯಜಮಾನರು ನನ್ನ ಗಂಡನ ಜೊತೆ ಬಹಳ ಕಾಲ ಮಾತು ಬಿಟ್ಟಿದ್ದರು. ಮುಂದಿನ ವರ್ಷ ಸಮಿತಿಯಿಂದ ಇವರನ್ನು ಕೈಬಿಟ್ಟರು. ಇವರಿಗೆ ಅದರಿಂದ ಸ್ವಲ್ಪ ನೋವಾಯಿತು, ಆಮೇಲೆ ಶನಿವಾರ ಸಂಜೆ ಬಿಡುವು ಸಿಕ್ಕಿತೆಂದು ನೆಮ್ಮದಿಯೂ ಆಯಿತು. ಭಜನೆಗೆ ಬರುತ್ತಿದ್ದ ಒಂದು ಮನೆಯವರು ಬರುವುದನ್ನು ನಿಲ್ಲಿಸಿದರು. ಆದರೆ ಅದಾದ ಮೇಲೆ ಕಾಲೋನಿಯಲ್ಲಿ ಇನ್ನೆರಡು ಮದುವೆಗಳಾದವು, ಎರಡೂ ಬೀದಿಯಲ್ಲೇ ಬಂದವು, ಯಾರನ್ನೂ ಕೇಳದೆ. ಎರಡನೆಯ ಮದುವೆಯ ಹೊತ್ತಿಗೆ ಯಜಮಾನರ ಮನೆಯ ಬಾಗಿಲು ತೆರೆದಿತ್ತು. ಅವರ ಹೆಂಡತಿ ಹೊಸ್ತಿಲ ಮೇಲೆ ನಿಂತು ನೋಡುತ್ತಿದ್ದರು.

ಮೊನ್ನೆ ಆಶಾಳ ಮೊಮ್ಮಗಳಿಗೆ ನಾಮಕರಣ, ಮಾಸ್ತಿಯ ಹತ್ತಿರದ ಬೀಗರ ಊರಿನಲ್ಲಿ. ನಾವೆಲ್ಲ ಕೋಲಾರಕ್ಕೆ ಹೋಗಿ, ಅಲ್ಲಿಂದ ಮಾಲೂರಿಗೆ, ಅಲ್ಲಿಂದ ಮಾಸ್ತಿಯ ಬಸ್ಸು ಹತ್ತಿದೆವು. ಅತ್ತೆ, ನಾವು ಬೇಡವೆಂದರೂ ಕೇಳದೆ, ಬಂದರು, ಕಿಟಕಿಯ ಪಕ್ಕದ ಸೀಟೇ ಬೇಕೆಂದರು. ಬಸ್ಸಿನಲ್ಲಿ ಪಕ್ಕದ ಮನೆಯ ಸೊಸೆ ಸಣ್ಣ ದನಿಯಲ್ಲಿ ಶುರು ಮಾಡಿದಳು, ನಮಗೆ ಸುಮ್ಮನಿರಲಾಗಲಿಲ್ಲ. ಕಂಡಕ್ಟರು ಬಂದು ಯಾವ ದೇವಸ್ಥಾನಕ್ಕೆ ಹೊರಟಿದ್ದೀರಿ ಎಂದು ಕೇಳಿದರು. ಒಬ್ಬರು ನಾಮಕರಣ ಎಂದರು, ಒಬ್ಬರು ಭಜನೆ ಎಂದರು, ಟೈಲರಕ್ಕ ಊಟಕ್ಕೆ ಎಂದರು. ಕಂಡಕ್ಟರು ನಕ್ಕು, ಹಾಡಿ ಹಾಡಿ, ಡ್ರೈವರಿಗೆ ನಿದ್ದೆ ಬರುವುದಿಲ್ಲ ಎಂದು ಮುಂದೆ ಹೋದರು.

ಬೀಗರ ಮನೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ತೊಟ್ಟಿಲಿಗೆ ಹಾಕಿದಾಗ ಮಗು ಕಣ್ಣು ಬಿಟ್ಟು ನೋಡುತ್ತಿತ್ತು, ನಾವು ಹಾಡಲು ಶುರು ಮಾಡುತ್ತಲೇ ನಿದ್ದೆ ಹೋಯಿತು. ನಮ್ಮ ಹಾಡು ಅಷ್ಟು ಚೆನ್ನಾಗಿದೆಯೋ ಅಷ್ಟು ಕೆಟ್ಟದಾಗಿದೆಯೋ ಎಂದು ಆಶಾ ಕೇಳಿದಳು. ಅತ್ತೆ ತೊಟ್ಟಿಲೊಳಗೆ ಬಗ್ಗಿ ನೋಡಿ, ಮೂಗು ಅಜ್ಜಿಯದೇ, ಬಾಯಿ ಹೇಗಿರುತ್ತದೋ ನೋಡಬೇಕು ಎಂದರು. ಮೊದಲು ನಕ್ಕವಳು ಆಶಾಳೇ. ಮಗುವಿನ ತಾಯಿ ಎಲೆ ಹಾಕಿದ್ದಾರೆ ಬನ್ನಿ ಎಂದು ಕರೆದಳು. ನಾವು ಎದ್ದು, ಸೀರೆ ಕೊಡವಿಕೊಂಡು, ಊಟಕ್ಕೆ ಹೋದೆವು.